ರುಮಾಲುದಿಬ್ಬ

ನಮ್ಮ ಹಿರೇಕೊಡ್ಲಿಯ ಹೊಳೆದಂಡೆಯಲ್ಲಿ, ರೈಲುದಾರಿಯ ಏರಿಗೆ ಒತ್ತಿಕೊಂಡು ಒಂದು ಬೋಳು ದಿಬ್ಬವಿದೆ. ಅದರ ಬುಡದಲ್ಲಿ ಎರಡಾಳೆತ್ತರದ ಕರಿಬಂಡೆ. ಆ ದಿಬ್ಬವನ್ನು ರುಮಾಲುದಿಬ್ಬ ಎನ್ನುತ್ತಾರೆ. ನಿಲ್ದಾಣದ ಗೋಡೆಗೆ ತೂಗಿರುವ ಹಳೆಯ ಭೂನಕ್ಷೆಯಲ್ಲಿ ಹೊಳೆ, ಹಳ್ಳ, ಏರುತಗ್ಗಿನ ಗೆರೆಗಳು, ರೈಲುದಾರಿ ಎಲ್ಲವೂ ಅಚ್ಚುಕಟ್ಟಾಗಿವೆ. ನೋಡಿದವರು ಹೊಗಳದೆ ಹೋಗುವುದಿಲ್ಲ. ಆದರೆ ಆ ನಕ್ಷೆಯಲ್ಲಿ ನೆರೆಯ ಮಟ್ಟ ಸುಳ್ಳು. ಸುಳ್ಳು ಬರೆಸಿದ್ದು ನಮ್ಮ ಮನೆತನ. ಹೇಳಲು ನಾಚಿಕೆಯಾಗುತ್ತದೆ, ಆದರೂ ನೀವು ಪರರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಲೇಸು.

ಹಿಂದೆ ಒಮ್ಮೆ, ರೈಲು ಇನ್ನೂ ಬಾರದ ಕಾಲದಲ್ಲಿ, ರೈಲುದಾರಿಗೆ ನೆಲ ಅಳೆಯುವ ಮೋಜಣಿಯವರು ಸರಪಳಿ, ಬಾವುಟ ಹಿಡಿದು ಈ ಕಣಿವೆಗೆ ಬಂದರಂತೆ. ಪ್ರತಿವರ್ಷ ನೆರೆ ಇಳಿದ ಮೇಲೆ, ನೀರು ಏರಿದ್ದ ಮಟ್ಟಕ್ಕೆ ಅಂಬಿಗರು ಈ ಬಂಡೆಯ ಮೇಲೆ ಸುಣ್ಣದ ಗೆರೆ ಎಳೆಯುವುದು ರೂಢಿ. ಮೋಜಣಿಯವರು ಆ ಗೆರೆಗಳನ್ನೇ ನಂಬುವರೆಂದು ನಮ್ಮ ಮುತ್ತಜ್ಜ ಚನ್ನವೀರಗೌಡನಿಗೆ ತಿಳಿಯಿತು. ಮೇಲಿನ ಗೆರೆ ಕಂಡರೆ ರೈಲುದಾರಿ ಎತ್ತರಕ್ಕೆ, ಅಂದರೆ ಅವನ ಎರೆಹೊಲದ ನಡುವೆಯೇ ಹೋಗುತ್ತಿತ್ತು. ಅವನು ಮೇಲಿನ ಗೆರೆಗಳನ್ನೆಲ್ಲ ಉಜ್ಜಿಸಿ ಹಾಕಿದ. ಊರಿಗೆಲ್ಲ ಗೊತ್ತಿತ್ತು, ಗೌಡನೆದುರು ಯಾರೂ ಬಾಯಿ ಬಿಡಲಿಲ್ಲ. ದೋಣಿ ನಡೆಸುವ ದುರುಗವ್ವ ಮಾತ್ರ, "ಗೌಡ್ರ, ಕಲ್ಲು ತಿಕ್ಕಿಸಿದ್ರ ಹೊಳಿ ಮರೀತೈತೇನ್ರಿ?" ಎಂದು ಕೇಳಿದಳಂತೆ. "ನಿನ್ನ ದೋಣಿ ನೀ ನೋಡ್ಕೋ ಹೋಗಬೇ" ಎಂದು ಗೌಡ ಗದರಿದ.

ನಕ್ಷೆಯಂತೆ ತಗ್ಗಿನಲ್ಲೇ ಏರಿ ಕಟ್ಟಿದರು, ನೀರು ಹಾಯಲು ಸಣ್ಣ ಮೋರಿಗಳನ್ನು ಬಿಟ್ಟರು. ಮೂರನೆಯ ಮಳೆಗಾಲದಲ್ಲಿ ಹೊಳೆ ತನ್ನ ಹಳೆಯ ಮಟ್ಟಕ್ಕೆ ಬಂತು. ರೈಲು ಏರಿಯ ಮೇಲೆ ಸಿಕ್ಕಿಕೊಂಡಿತು. ದುರುಗವ್ವನೂ ಉಳಿದ ಅಂಬಿಗರೂ ದೋಣಿ ಇಳಿಸಿ ಪ್ರಯಾಣಿಕರನ್ನೆಲ್ಲ ದಿಬ್ಬಕ್ಕೆ ದಾಟಿಸಿದರು. ಅಷ್ಟರಲ್ಲಿ ಏರಿ ತಡೆದ ನೀರು ಹಿಂದಕ್ಕೆ ಒತ್ತಿ ಅಂಬಿಗರ ಕೇರಿಯನ್ನೇ ನುಂಗಿತು. ಕಾಲಿಲ್ಲದೆ ಮನೆಯಲ್ಲೇ ಮಲಗಿದ್ದ ದುರುಗವ್ವನ ಗಂಡ ಅಲ್ಲೇ ತೀರಿಕೊಂಡ. ಮರುದಿನ ಚನ್ನವೀರಗೌಡ ದಿಬ್ಬವೇರಿ, ಊರೆಲ್ಲ ನೋಡುತ್ತಿರುವಂತೆ ರುಮಾಲು ತೆಗೆದು ಅಲ್ಲಿದ್ದ ದುರುಗವ್ವನ ಕಾಲ ಬಳಿ ಇಟ್ಟ. ಅವಳು ಅದನ್ನು ಮುಟ್ಟಲಿಲ್ಲ. "ನನಗ್ಯಾಕ್ರಿ ಇದು? ಗೆರಿ ಎಲ್ಲಿತ್ತು ಅಂತ ಅವತ್ತು ಹೇಳಿದ್ರ ಸಾಕಿತ್ತು" ಎಂದಳು. ಗೌಡ ಮತ್ತೆಂದೂ ತಲೆಗೆ ರುಮಾಲು ಸುತ್ತಲಿಲ್ಲ ಎನ್ನುತ್ತಾರೆ.

ಇಂದಿಗೂ ಬಂದವರಿಗೆ ಆ ಬಂಡೆಯ ಮೇಲೆ ಬಿಳಿಯ ಗೆರೆಗಳು ಕಾಣುತ್ತವೆ. ಪ್ರತಿವರ್ಷ ಎಳೆಯುವವರು ಅಂಬಿಗರೇ. ಆ ದಿನ ನಾವೂ ಹೋಗಿ ಬರಿತಲೆಯಲ್ಲಿ ದೂರ ನಿಲ್ಲುತ್ತೇವೆ. ಸುಣ್ಣದ ಬಟ್ಟಲನ್ನು ಅವರು ಈವರೆಗೆ ನಮ್ಮ ಕೈಗೆ ಕೊಟ್ಟಿಲ್ಲ. ಕೊಡಿ ಎಂದು ಕೇಳುವ ಮುಖವೂ ನಮಗಿಲ್ಲ.