ಹುಣಸೆಹಣ್ಣಿನಲ್ಲಿ ತಿಕ್ಕಿದ ಪದಕಗಳು

ಮನೆ, ಹೊಲ, ನೆಂಟರು ಎಲ್ಲ ಬಿಟ್ಟು ಹೊಳೆದಂಡೆಯ ಮಠಕ್ಕೆ ಬಂದ ಕೊಟ್ರಪ್ಪ ಒಂದು ಗಂಟನ್ನು ಮಾತ್ರ ಬಿಡಲಿಲ್ಲ. ಅದರಲ್ಲಿದ್ದವು ಕಂಚಿನ ಪದಕಗಳು.

ಹಿಂದೆ ಅರಮನೆಯಲ್ಲಿ ಪಟ್ಟಾಭಿಷೇಕ, ಮದುವೆ, ತೊಟ್ಟಿಲು ಎಂದರೆ ಅದರ ನೆನಪಿಗೆ ಚಿನ್ನದ ನಾಣ್ಯ ಹೊಡೆಸುತ್ತಿದ್ದರು. ಚಿನ್ನ ಎಟುಕದವರಿಗೆ ಅದೇ ಅಚ್ಚಿನಲ್ಲಿ ಕಂಚಿನವೂ ಬರುತ್ತಿದ್ದವು. ಊರೂರು ಅಲೆದು, ಕಾಡಿ ಬೇಡಿ, ಕೊಟ್ರಪ್ಪ ಕೂಡಿಹಾಕಿದ್ದು ಅವನ್ನೇ.

ಅವನಿಗಿದ್ದದ್ದು ಒಂದೇ ಆಸೆ. ಎಂದಾದರೂ ಅಸಲು ನಾಣ್ಯದ ಪಕ್ಕ ತನ್ನದನ್ನು ಇಟ್ಟರೆ, ಯಾವುದು ಯಾವುದೆಂದು ಯಾರಿಗೂ ತಿಳಿಯಬಾರದು. ಅದಕ್ಕೆಂದೇ ಪ್ರತಿ ಶುಕ್ರವಾರ ಪೂಜೆಯ ಪಾತ್ರೆಗಳ ಜೊತೆ ಪದಕಗಳಿಗೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದ. ಥಳಥಳ ಹೊಳೆಯುತ್ತಿದ್ದವು.

ಮಠದ ಗುರುವನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ಅಜ್ಜ ಕೆಮ್ಮಿ ಮಾತಾಡಿದರೆ ಕೊಟ್ರಪ್ಪನೂ ಕೆಮ್ಮಿ ಮಾತಾಡುವನು. ಅಜ್ಜ ಕುಂಟಿದರೆ ಇವನ ಕಾಲಿಗೂ ಏನೋ ಆಗುವುದು.

ಒಮ್ಮೆ ಅರಮನೆಯ ಕಡೆಯ ಮುದುಕಿಯೊಬ್ಬಳು ಮಠಕ್ಕೆ ಬಂದಳು. ಅವಳ ಕೊರಳಲ್ಲಿ ರಾಜಕುಮಾರಿಯ ತೊಟ್ಟಿಲ ದಿನದ ಚಿನ್ನದ ನಾಣ್ಯವಿತ್ತು. ಕೊಟ್ರಪ್ಪ ಗಂಟು ಬಿಚ್ಚಿ ತನ್ನದೊಂದು ಪದಕವನ್ನು ಅದರ ಪಕ್ಕ ಹಿಡಿದ.

ಚಿನ್ನದಲ್ಲಿ ತಾಯಿಯ ಮುಖವಿತ್ತು, ಮಗುವಿನ ಮುಷ್ಟಿಯಿತ್ತು. ಕಂಚಿನಲ್ಲಿ ಹೊಳಪು ಬಿಟ್ಟರೆ ಏನೂ ಇರಲಿಲ್ಲ.

"ಇದು ಯಾವಾಗಿನದಪ್ಪಾ?" ಎಂದಳು ಮುದುಕಿ. "ಏನೂ ಕಾಣವಲ್ದಲ್ಲ."

ಅವನು ಗಂಟನ್ನು ಅಜ್ಜನ ಮುಂದೆ ಸುರುವಿ ಕುಸಿದು ಕುಳಿತ.

"ಮುಖ ಎಲ್ಲಾ ಸವದು ಹೋಗ್ಯಾವ್ರಿ ಅಜ್ಜಾರ. ನನ್ನ ಕೈಯಾರೆ ಅಳಿಸೀನಿ."

"ಯಾರ್ಯಾರ ಮುಖ ಇದ್ದವು?"

ಕೊಟ್ರಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಒಂದೂ ಬರಲಿಲ್ಲ. ಇಷ್ಟು ವರ್ಷವೂ ಹೊಳಪನ್ನಷ್ಟೇ ನೋಡಿದ್ದ.

"ನೀ ಬಂದಾಗ ಜೋರಾಗಿ ನಗತಿದ್ದಿ," ಎಂದ ಅಜ್ಜ. "ಹೊಳಿ ಆಚಿ ದಂಡಿಗೆ ಕೇಳತಿತ್ತು. ಈಗೊಮ್ಮೆ ನಗು ನೋಡೋಣ."

ಕೊಟ್ರಪ್ಪ ಬಾಯಿ ತೆರೆದ. ಬಂದದ್ದು ಅಜ್ಜನ ಕೆಮ್ಮು.

ಅವನಿಗೆ ಭಯವಾಯಿತು. ಮತ್ತೊಮ್ಮೆ ನಗಲು ನೋಡಿದ. ಮತ್ತೆ ಅದೇ. ಮುಖ ಮುಚ್ಚಿಕೊಂಡು ಅತ್ತ.

ಅಜ್ಜ ಪದಕಗಳನ್ನು ಒಂದೊಂದಾಗಿ ಗಂಟಿಗೆ ತುಂಬಿದ.

"ಇನ್ನ ನಾ ಏನ್ ಮಾಡ್ಲಿರಿ?"

"ತಿಕ್ಕೋದು ಬಿಡು. ಕರ್ರಗ ಆಗ್ಲಿ."

"ಕರ್ರಗಾದ್ರ ಮುಖ ತಿರುಗಿ ಬರ್ತಾವೇನ್ರಿ?"

ಅಜ್ಜ ಗಂಟನ್ನು ಅವನ ಮಡಿಲಿಗಿಟ್ಟ.

"ಇಲ್ಲೋ ತಮ್ಮ. ಕಂಚು ಬರ್ತದ."