ಆರನೆಯ ಚೀಟಿ

ಮೈಸೂರಿನ ಬೀದಿಗಳಲ್ಲಿ ಇನ್ನೂ ಜಟಕಾ ಓಡುತ್ತಿದ್ದ ಕಾಲ. ಪಂಡಿತ ನಂಜುಂಡಶಾಸ್ತ್ರಿಗಳು ಮನೆಯ ಪಡಸಾಲೆಯಲ್ಲೇ ಕೂತು ನಿಘಂಟು ಬರೆಸುತ್ತಿದ್ದರು. ಪದಕ್ಕೊಂದು ಚೀಟಿ ಬರೆಯುವವನು ಗುಮಾಸ್ತ ದೊಡ್ಡಯ್ಯ.

ಒಂದು ಬೆಳಿಗ್ಗೆ ಶಾಸ್ತ್ರಿಗಳು ಗುಡುಗಿದರು: “ನಿನಗೇನು ಕನ್ನಡ ಬರುತ್ತಯ್ಯ? ‘ಹೋಗು’ ಅನ್ನೋದಕ್ಕೆ ಸಂಜೆಯೊಳಗೆ ಆರು ಮಾತು ಬರೆದು ತೋರಿಸು. ಪುಸ್ತಕ ಮುಟ್ಟಕೂಡದು. ಆಗದಿದ್ದರೆ ನಾಳೆಯಿಂದ ಈ ಕಡೆ ತಲೆ ಹಾಕಬೇಡ.”

ದೊಡ್ಡಯ್ಯ ಎಲ್ಲಿಗೂ ಹೋಗಲಿಲ್ಲ. ಬಾಗಿಲ ಪಕ್ಕಕ್ಕೆ ಚಾಪೆ ಎಳೆದುಕೊಂಡು ಕೂತ. ದಿನವಿಡೀ ಜನ ಬಂದರು, ಹೋದರು. ಅವನು ಕಿವಿಗೊಟ್ಟು ಕೇಳಿ ಬರೆದುಕೊಂಡ.

ಸಂಜೆ ಶಾಸ್ತ್ರಿಗಳು ಚೀಟಿಗಳನ್ನು ಒಂದೊಂದಾಗಿ ಓದಿದರು.

‘ಹೋಗಿ ಬರೋಣವಾಗಲಿ’, ಅಮಲ್ದಾರರಿಗೆ. ‘ಹೋಗ್ಬಾ ಕಂದಾ’, ಗಂಡನ ಮನೆಗೆ ಹೊರಟ ಮಗಳಿಗೆ. ‘ನಡಿ ನಡಿ’, ಮೊಸರಿನವಳಿಗೆ. ‘ಜಾಗ ಖಾಲಿ ಮಾಡು’, ಚಂದಾ ಕೇಳಿದವನಿಗೆ. ‘ತೊಲಗು’, ಕುಡಿಯಲು ನೀರು ಕೇಳಿದ ಮುದುಕನಿಗೆ.

“ಇದೆಲ್ಲ ಯಾರಂದದ್ದು?”

“ತಾವೇ ಸ್ವಾಮಿ. ಪುಸ್ತಕ ಮುಟ್ಟಲಿಲ್ಲ.”

ಶಾಸ್ತ್ರಿಗಳ ಕಣ್ಣು ಆ ಕೊನೆಯ ಚೀಟಿಯ ಮೇಲೇ ನಿಂತುಬಿಟ್ಟಿತು. ಚೀಟಿಗಳನ್ನು ಎಣಿಸಿ, “ಐದೇ ಇವೆಯಲ್ಲ?” ಎಂದರು.

“ಆರನೆಯದು ನನ್ನ ಪಾಲಿನದು. ತಾವು ಅಂದ ಮೇಲೆ ಬರೆದುಕೊಳ್ಳುತ್ತೇನೆ.”

ಶಾಸ್ತ್ರಿಗಳು ಕನ್ನಡಕ ತೆಗೆದು ಒರೆಸಿದರು. ಒಳಗೆ ತಿರುಗಿ ಕೂಗಿದರು: “ಇವಳೇ, ನಾಳೆಯಿಂದ ಜಗಲಿಯ ಮೇಲೊಂದು ಕೊಡ ನೀರಿಡು. ದಾರಿಹೋಕರು ಕುಡಿಯಲಿ.” ಆಮೇಲೆ ಇತ್ತ ತಿರುಗಿ ಮೆಲ್ಲಗೆ ಅಂದರು: “ಹೊತ್ತಾಯಿತು ದೊಡ್ಡಯ್ಯನವರೇ. ಹುಷಾರಾಗಿ ಹೋಗಿ ಬನ್ನಿ.”

ನಿಘಂಟು ಅಚ್ಚಾಯಿತು, ಹಳತೂ ಆಯಿತು. ಆ ಐದು ಮಾತೂ ಅದರಲ್ಲಿವೆ. ಆರನೆಯ ಚೀಟಿಯನ್ನು ಮಾತ್ರ ದೊಡ್ಡಯ್ಯ ನಿಘಂಟಿಗೆ ಕೊಡಲೇ ಇಲ್ಲ.