ಮಂಕರಿಯೊಳಗಿನ ಮರಿಗಳು

ಹೋದ ಸಲ ಹದ್ದು ಒಂದು ಮರಿಯನ್ನು ಒಯ್ದಿತ್ತು. ಅದಕ್ಕೇ ಹೇಂಟೆ ಈ ಸಲದ ಮರಿಗಳನ್ನು ಜಗಲಿಯ ಮೇಲಿನ ಬಿದಿರು ಮಂಕರಿಯಿಂದ ಹೊರಗೆ ಬಿಡಲೇ ಇಲ್ಲ.

“ಇವಕ್ಕೆ ಮಣ್ಣು ಕೆದಕಲೂ ಬರುವುದಿಲ್ಲವಲ್ಲ, ತಾಯಿ,” ಎಂದಿತು ಮಂಕರಿ.

“ಮನೆಯವರು ನುಚ್ಚು ಹಾಕುತ್ತಾರೆ. ಜೀವ ಉಳಿದರೆ ಸಾಕು.”

“ಹದ್ದನ್ನು ನಾನು ತಡೆದೇನು. ಆದರೆ ಮುಂದಿನ ತಿಂಗಳು ಇವು ನನ್ನೊಳಗೆ ಹಿಡಿಸುವುದಿಲ್ಲ. ಆಗ ಹದ್ದಿನ ನೆರಳು ಯಾವುದೆಂದು ಇವಕ್ಕೆ ಹೇಗೆ ಗೊತ್ತಾಗಬೇಕು?”

ಮರುದಿನ ಹೇಂಟೆ ಆಕಾಶ ನೋಡುತ್ತಲೇ ಮರಿಗಳನ್ನು ಹಿತ್ತಲಿಗೆ ಕರೆದೊಯ್ದಿತು. ಮರಿಗಳು ಕೆದಕಿದ್ದೇ ಕೆದಕಿದ್ದು. ನೆರಳು ಕಂಡಾಗಲೆಲ್ಲ ಹೇಂಟೆ ಕೂಗಿ, ಅವುಗಳನ್ನು ರೆಕ್ಕೆಯಡಿ ಸೇರಿಸಿಕೊಂಡಿತು.

ಎಂಟನೆಯ ದಿನ ಹೇಂಟೆ ಹುಳುವೊಂದರ ಬೆನ್ನು ಹತ್ತಿದ್ದಾಗ ನೆಲದ ಮೇಲೆ ನೆರಳು ಹಾಯಿತು.

“ಎಲ್ಲರೂ ಬೇಲಿಯೊಳಗೆ ಓಡಿ! ಅಮ್ಮಾ, ನೀನೂ ಬಾ!” ಎಂದು ಮೊದಲು ಕೂಗಿದ್ದು ಎಲ್ಲಕ್ಕಿಂತ ಚಿಕ್ಕ ಮರಿ.